ಮಳೆ ಬಿಟ್ಟ ಹಾಗೆ: ಹಳೆಯದನ್ನು ಬಿಡುವ ಬಗ್ಗೆ ಕಿರುಚಿತ್ರ ಮಾಡುವವರಿಗೆ

ಮೊದಲ ಕಿರುಚಿತ್ರಕ್ಕೆ ಕೈಹಾಕುವವರಲ್ಲಿ ತುಂಬಾ ಜನ ಆರಿಸಿಕೊಳ್ಳುವ ವಿಷಯ ಇದು. ಹಳೆಯದನ್ನು ಬಿಟ್ಟು ಮುಂದೆ ಹೋಗುವುದು. ಎಲ್ಲರ ಎದೆಯಲ್ಲೂ ಇಂಥದ್ದೊಂದು ಕೂತಿರುತ್ತದೆ, ಅಲ್ವಾ? ಮಾಡುವುದಕ್ಕೂ ಸುಲಭ ಅನ್ನಿಸುತ್ತದೆ. ಒಬ್ಬ ನಟಿ, ಒಂದು ಕೋಣೆ, ಒಂದು ಫೋನು ಇದ್ದರೆ ಸಾಕು.

ಕಷ್ಟ ಇರುವುದು ಬೇರೆ ಕಡೆ. ಬಿಡುವುದು ನಡೆಯುವುದು ಮನಸ್ಸಿನ ಒಳಗೆ. ಕ್ಯಾಮೆರಾಗೆ ಮನಸ್ಸು ಕಾಣುವುದಿಲ್ಲ. ಅದಕ್ಕೆ ಕಾಣುವುದು ಕೈ, ಕಣ್ಣು, ಬಾಗಿಲು, ಬೆಳಕು ಅಷ್ಟೇ. ಅದಕ್ಕೇ ಇಂಥ ಚಿತ್ರಗಳಲ್ಲಿ ಪತ್ರ ಸುಡುತ್ತಾರೆ, ಫೋಟೋ ಹರಿಯುತ್ತಾರೆ, ಉಂಗುರವನ್ನು ನೀರಿಗೆ ಎಸೆಯುತ್ತಾರೆ. ನಾನೂ ಮಾಡಿದ್ದೇನೆ. ನನ್ನ ಮೊದಲ ಚಿತ್ರ ಮುಗಿಯುವುದು ಪತ್ರ ಸುಡುವ ಸೀನಿನಿಂದ. ನೋಡಿದವರೆಲ್ಲ ಬೆಂಕಿಯ ಶಾಟ್ ಚೆನ್ನಾಗಿದೆ ಅಂದರು. ಪತ್ರ ಬರೆದವನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಅವತ್ತು ತುಂಬಾ ನೋವಾಯಿತು. ಆಮೇಲೆ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಯಾವ 'ಬಿಡು'?

ಸ್ಕ್ರಿಪ್ಟ್ ಬರೆಯುವ ಮುಂಚೆ ಒಂದು ಹಾಳೆ ತಗೊಳ್ಳಿ. ಕನ್ನಡದಲ್ಲಿ 'ಬಿಡು' ಅನ್ನುವ ಮಾತು ಎಷ್ಟು ರೂಪದಲ್ಲಿ ಬರುತ್ತದೆ ಅಂತ ಬರೆಯಿರಿ. ಬಿಟ್ಟುಬಿಡು. ಬಿಟ್ಟುಕೊಡು. ಕೈಬಿಡು. ಬಿಡಿಸಿಕೊಳ್ಳು. ಬಿಟ್ಟುಹೋಗು. ಇವು ಒಂದೇ ಅಲ್ಲ. ಒಂದೊಂದೂ ಬೇರೆ ಬೇರೆ ಸಿನಿಮಾ.

ಬಿಟ್ಟುಕೊಡುವುದು ಅಂದರೆ ಎದುರಿಗೆ ಇನ್ನೊಬ್ಬರು ಇರಬೇಕು. ಅವರ ಕೈಗೆ ಏನೋ ಹೋಗಬೇಕು. ಕೈಬಿಡುವುದರಲ್ಲಿ ತಪ್ಪು ಮಾಡಿದ ಭಾವ ಇದೆ, ಯಾರೋ ನಡುನೀರಿನಲ್ಲಿ ಉಳಿದಿದ್ದಾರೆ. ಬಿಡಿಸಿಕೊಳ್ಳುವುದರಲ್ಲಿ ಜಗ್ಗಾಟ ಇದೆ, ಇನ್ನೊಂದು ಕಡೆಯಿಂದ ಯಾರೋ ಹಿಡಿದಿದ್ದಾರೆ. ಬಿಟ್ಟುಬಿಡುವುದು ಒಂದು ತೀರ್ಮಾನ.

ಬಿಟ್ಟುಹೋಗುವುದು ನನಗೆ ಎಲ್ಲಕ್ಕಿಂತ ಇಷ್ಟ. ಜ್ವರ ಬಿಟ್ಟಿತು ಅನ್ನುತ್ತೇವೆ. ಮಳೆ ಬಿಟ್ಟಿತು ಅನ್ನುತ್ತೇವೆ. ಜ್ವರವನ್ನು ನಾವು ಬಿಡುವುದಿಲ್ಲ, ಅದೇ ನಮ್ಮನ್ನು ಬಿಡುತ್ತದೆ. ಮಳೆ ನಿಂತ ಕ್ಷಣವನ್ನು ಯಾರೂ ನೋಡಿರುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಅರೆ, ಸದ್ದೇ ಇಲ್ಲವಲ್ಲ ಅಂತ ಕಿವಿಗೆ ಗೊತ್ತಾಗುತ್ತದೆ. ಹಳೆಯ ನೋವು ಹೋಗುವುದೂ ಬಹಳ ಸಲ ಹೀಗೇ. ಹಾಗಾದರೆ ಕ್ಯಾಮೆರಾ ಹಿಡಿಯಬೇಕಾದ್ದು ಬಿಟ್ಟ ಕ್ಷಣವನ್ನಲ್ಲ. ಬಿಟ್ಟಿದೆ ಅಂತ ಗೊತ್ತಾದ ಕ್ಷಣವನ್ನು.

ನಿಮ್ಮ ಕಥೆ ಇವುಗಳಲ್ಲಿ ಯಾವುದು ಅಂತ ತೀರ್ಮಾನ ಮಾಡಿ. ಒಂದು ಚಿತ್ರಕ್ಕೆ ಒಂದೇ 'ಬಿಡು'. ಎರಡು ಸೇರಿಸಿದರೆ ಕೊನೆ ಎರಡಾಗುತ್ತದೆ, ಎರಡೂ ಮೆತ್ತಗಾಗುತ್ತವೆ.

ನಿಮ್ಮದೇ ಕಥೆಯಾದರೆ

ಸ್ವಂತ ಬದುಕಿನಿಂದ ತೆಗೆದುಕೊಳ್ಳುವವರು ಇಲ್ಲಿ ಸ್ವಲ್ಪ ನಿಲ್ಲಿ. ಆ ಘಟನೆಯನ್ನು ಒಬ್ಬ ಸ್ನೇಹಿತರಿಗೆ ಐದು ನಿಮಿಷದಲ್ಲಿ ಹೇಳಿ ನೋಡಿ. ಆಮೇಲೆ ಅದೇ ಘಟನೆಯನ್ನು ಎದುರಿನವರ ಕಡೆಯಿಂದ ಹೇಳಿ. ಎರಡನೆಯದು ಬಾಯಿಗೆ ಬರದಿದ್ದರೆ ಗಾಯ ಇನ್ನೂ ಹಸಿ ಇದೆ ಅಂತ ಅರ್ಥ. ಈಗ ಸಿನಿಮಾ ಮಾಡಿದರೆ ಅದು ದೂರು ಆಗುತ್ತದೆ. ಕಾಯುವುದರಲ್ಲಿ ನಷ್ಟ ಏನೂ ಇಲ್ಲ. ಅಥವಾ ನೋವನ್ನು ಮಾತ್ರ ಇಟ್ಟುಕೊಂಡು ಜನ, ಜಾಗ, ಘಟನೆ ಎಲ್ಲ ಬದಲಾಯಿಸಿ. ಬೇರೆಯವರ ಹಳೆಯ ಪತ್ರ, ಧ್ವನಿ, ಫೋಟೋ ಬಳಸುವುದಾದರೆ ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ.

ಒಂದು ವಸ್ತು, ಒಂದು ಅಭ್ಯಾಸ

ಕಾಣದ್ದನ್ನು ಕಾಣಿಸಲು ಒಂದು ವಸ್ತು ಬೇಕು. ಆದರೆ ಬರೀ ವಸ್ತು ಸಾಲದು. ಆ ವಸ್ತುವಿನ ಜೊತೆ ಕೈಗೆ ಒಂದು ಅಭ್ಯಾಸ ಇರಬೇಕು. ನೆನಪು ಉಳಿಯುವುದು ಅಭ್ಯಾಸದಲ್ಲಿ.

ನಾನು ಆಮೇಲೆ ಮಾಡಿದ ಚಿತ್ರವನ್ನೇ ಉದಾಹರಣೆಗೆ ಹೇಳುತ್ತೇನೆ. ಒಬ್ಬ ಹೆಂಗಸು. ತನ್ನ ಹಳೆಯ ಮನೆ ಮಾರಿ ಎಂಟು ತಿಂಗಳಾಗಿದೆ. ಆದರೆ ಅದರ ಬೀಗದಕೈ ಇನ್ನೂ ಅವಳ ಗೊಂಚಲಿನಲ್ಲಿದೆ. ಹಿತ್ತಾಳೆಯದು, ಹಲ್ಲು ಸವೆದಿದೆ, ತಲೆಗೆ ನೀಲಿ ದಾರ ಸುತ್ತಿದೆ. ಈಗಿನ ಮನೆಯ ಬೀಗದಕೈ ಹೊಸದು, ಹೊಳೆಯುತ್ತದೆ, ಅಂಚು ಚೂಪು. ಬಾಗಿಲ ಮುಂದೆ ನಿಂತಾಗಲೆಲ್ಲ ಅವಳ ಹೆಬ್ಬೆರಳು ಮೊದಲು ನೀಲಿ ದಾರಕ್ಕೇ ಹೋಗುತ್ತದೆ. ಹಿತ್ತಾಳೆ ತುದಿ ಬೀಗಕ್ಕೆ ತಾಗಿ ಟಕ್ ಅನ್ನುತ್ತದೆ, ಒಳಗೆ ಹೋಗುವುದಿಲ್ಲ. ಆಮೇಲೆ ಇನ್ನೊಂದನ್ನು ಹುಡುಕುತ್ತಾಳೆ.

ಇಷ್ಟೇ ಸಾಕು. ಅವಳು ಅಳಬೇಕಿಲ್ಲ, ಕಿಟಕಿಯಿಂದ ಹೊರಗೆ ನೋಡಬೇಕಿಲ್ಲ. ಕೈ ತಪ್ಪು ಬೀಗದಕೈ ಹಿಡಿಯುವುದನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಇವಳು ಇನ್ನೂ ಅಲ್ಲೇ ಇದ್ದಾಳೆ ಅಂತ.

ನಿಮ್ಮ ವಸ್ತು ಬೇರೆ ಇರಬಹುದು. ಹಾಸಿಗೆಯ ಒಂದು ಬದಿಯಲ್ಲೇ ಮಲಗುವುದು, ನಿಂತುಹೋದ ಗಡಿಯಾರ ಕಟ್ಟಿಕೊಳ್ಳುವುದು, ಯಾರೂ ಎತ್ತದ ನಂಬರಿಗೆ ಕರೆ ಮಾಡುವುದು. ಆರಿಸುವಾಗ ಒಂದೇ ಪರೀಕ್ಷೆ: ಮಾತಿಲ್ಲದೆ, ಹತ್ತು ಸೆಕೆಂಡಿನಲ್ಲಿ ಅದು ಅರ್ಥವಾಗುತ್ತದಾ?

ಸ್ಕ್ರಿಪ್ಟ್: ಮೂರು ಸಲ ಅದೇ ಬಾಗಿಲು

ಸ್ಕ್ರಿಪ್ಟಿನ ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಮೊದಲ ಚಿತ್ರಕ್ಕೆ ಐದಾರು ಪುಟ ಸಾಕು. ಮಾತು ಕಡಿಮೆ ಇರುವ ಚಿತ್ರದಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ. 'ಅವಳು ಬಾಗಿಲ ಮುಂದೆ ನಿಲ್ಲುತ್ತಾಳೆ' ಅನ್ನುವ ಒಂದು ಸಾಲು ಮೂವತ್ತು ಸೆಕೆಂಡ್ ತಿನ್ನಬಹುದು. ಹಾಗಾಗಿ ಸ್ಟಾಪ್‌ವಾಚ್ ಹಿಡಿದು ನೀವೇ ನಟಿಸಿ ಅಳೆಯಿರಿ.

ನಮ್ಮ ಚಿತ್ರದ ಮೂಳೆ ಇಷ್ಟು. ಒಂದನೇ ಬಾಗಿಲು: ತಪ್ಪು ಬೀಗದಕೈ. ಆಮೇಲೆ ಒಂದು ಫೋನ್ ಕರೆ. ಹಳೆಯ ಮನೆ ಕೊಂಡವರು ಕೇಳುತ್ತಾರೆ, ಒಂದು ಬೀಗದಕೈ ಕಡಿಮೆ ಇದೆ, ನಿಮ್ಮ ಹತ್ತಿರ ಏನಾದರೂ ಇದೆಯಾ ಅಂತ. ಅವಳು "ಇಲ್ಲ" ಅನ್ನುತ್ತಾಳೆ. ಇಡೀ ಚಿತ್ರದಲ್ಲಿ ಅವಳು ಹೇಳುವ ಒಂದೇ ಸುಳ್ಳು. ಎರಡನೇ ಬಾಗಿಲು: ಮತ್ತೆ ಹಿತ್ತಾಳೆಯದೇ ಕೈಗೆ ಬರುತ್ತದೆ. ಈ ಸಲ ಅವಳಿಗೆ ಕೋಪ. ಒಳಗೆ ಬಂದು ಗೊಂಚಲಿನ ಉಂಗುರದ ಸಂದಿಗೆ ಉಗುರು ಹಾಕಿ ಬಿಡಿಸಲು ನೋಡುತ್ತಾಳೆ. ಉಗುರು ಬಾಗುತ್ತದೆ, ಉಂಗುರ ಬಿರಿಯುವುದಿಲ್ಲ. ಕೊನೆಗೂ ಕಿತ್ತು ಡ್ರಾಯರಿನಲ್ಲಿ ಇಡುತ್ತಾಳೆ. ರಾತ್ರಿ ಎದ್ದು ಮತ್ತೆ ಪೋಣಿಸುತ್ತಾಳೆ. ಮೂರನೇ ಬಾಗಿಲು: ಎರಡೂ ಕೈಯಲ್ಲಿ ಚೀಲ, ಯಾರ ಜೊತೆಗೋ ಫೋನಿನಲ್ಲಿ ಮಾತು, ಗಮನ ಎಲ್ಲೋ. ಹೆಬ್ಬೆರಳು ನೇರವಾಗಿ ಹೊಸ ಬೀಗದಕೈಗೆ ಹೋಗುತ್ತದೆ. ಬಾಗಿಲು ತೆರೆಯುತ್ತದೆ. ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತದೆ. ನಾಲ್ಕು ಸೆಕೆಂಡ್ ಬರೀ ಮುಚ್ಚಿದ ಬಾಗಿಲು. ಮತ್ತೆ ತೆರೆಯುತ್ತದೆ. ಅವಳು ಕೈಯಲ್ಲಿರುವ ಗೊಂಚಲನ್ನು ನೋಡುತ್ತಾಳೆ.

ನೀಲಿ ದಾರ ಇನ್ನೂ ಅಲ್ಲೇ ಇದೆ ನೋಡಿ. ಅವಳು ಏನನ್ನೂ ಎಸೆದಿಲ್ಲ. ಆಮೇಲೆ ಫೋನ್ ಮಾಡಿ ಬೀಗದಕೈ ವಾಪಸ್ ಕೊಟ್ಟರೆ ಹೇಗೆ ಅಂತ ನಾನೂ ತುಂಬಾ ದಿನ ಯೋಚಿಸಿದೆ. ಆ ಸೀನನ್ನು ಬರೆದೂ ಇದ್ದೆ. ಆದರೆ ಅದು ಬಿಟ್ಟುಕೊಡುವ ಚಿತ್ರ. ನಮ್ಮದು ಮಳೆ ಬಿಟ್ಟ ಹಾಗೆ ಬಿಟ್ಟುಹೋಗುವ ಚಿತ್ರ. ತೆಗೆದುಹಾಕಿದೆ.

ಬರೆಯುವಾಗ ಇನ್ನೆರಡು ಮಾತು. ಹಿನ್ನೆಲೆ ಧ್ವನಿಯಲ್ಲಿ "ಇನ್ನು ಮುಂದೆ ನಾನು..." ಅಂತ ಹೇಳಿಸಬೇಡಿ. ಕೈ ಹೇಳಿದ್ದನ್ನು ಬಾಯಿ ಮತ್ತೆ ಹೇಳಿದರೆ ಕೈ ಸುಳ್ಳಾಗುತ್ತದೆ. ಇನ್ನೊಂದು, ಹಳೆಯ ಕಾಲ ತೋರಿಸುವ ಫ್ಲ್ಯಾಶ್‌ಬ್ಯಾಕ್ ಸೀನುಗಳನ್ನು ಆದಷ್ಟು ಬಿಡಿ. ಐದಾರು ನಿಮಿಷದ ಚಿತ್ರದಲ್ಲಿ ಅದಕ್ಕೆ ಜಾಗ ಇಲ್ಲ. ಹಳೆಯ ಮನೆಯನ್ನು ತೋರಿಸದೇ ಇದ್ದಾಗ ನೋಡುವವರು ತಮ್ಮ ಮನೆಯನ್ನೇ ಅಲ್ಲಿ ಇಟ್ಟುಕೊಳ್ಳುತ್ತಾರೆ.

ನಟನೆ

ನಟಿಗೆ "ದುಃಖವಾಗಿರಿ" ಅಂತ ಹೇಳಬೇಡಿ. ಕೆಲಸ ಕೊಡಿ. "ಚೀಲ ಕೆಳಗೆ ಇಡದೆ ಬಾಗಿಲು ತೆಗೆಯಿರಿ" ಅನ್ನಿ. ಗೊಂಚಲನ್ನು ಶೂಟಿಂಗಿಗೆ ಒಂದು ವಾರ ಮೊದಲೇ ಅವರ ಕೈಗೆ ಕೊಟ್ಟುಬಿಡಿ. ಜೇಬಿನಲ್ಲಿ ಇಟ್ಟುಕೊಂಡು ಓಡಾಡಲಿ. ನಮ್ಮ ನಟಿ ವಾರ ಕಳೆದು ಬಂದಾಗ, ಮಾತಾಡುತ್ತಾ ಮಾತಾಡುತ್ತಾ ನೀಲಿ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಸ್ಕ್ರಿಪ್ಟಿನಲ್ಲಿ ಅದು ಇರಲಿಲ್ಲ. ಫೋನ್ ಕರೆಯ ಸೀನಿಗೆ ಹಾಗೇ ಇಟ್ಟುಕೊಂಡೆವು.

ಮುಖದ ಮೇಲೆ ಏನೂ ತೋರಿಸದಿದ್ದರೆ ಹೇಗೆ ಅಂತ ಹೆದರಿಕೆ ಆಗುತ್ತದೆ. ಅದಕ್ಕೆ ಧೈರ್ಯ ಕೊಡುವ ಒಂದು ಪ್ರಯೋಗ ಇದೆ. ಸುಮಾರು 100 ವರ್ಷಗಳ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಶಾಟನ್ನು ಬೇರೆ ಬೇರೆ ಚಿತ್ರಗಳ ಪಕ್ಕದಲ್ಲಿ ಜೋಡಿಸಿದರು. ಒಂದು ಕಡೆ ಸೂಪಿನ ಬಟ್ಟಲು, ಇನ್ನೊಂದು ಕಡೆ ಶವಪೆಟ್ಟಿಗೆ, ಮತ್ತೊಂದು ಕಡೆ ಒಬ್ಬಳು ಹೆಂಗಸು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡವು ಅಂತ ಹೇಳುತ್ತಾರೆ. ಎರಡು ಶಾಟ್ ಪಕ್ಕಪಕ್ಕ ಇಟ್ಟರೆ ಮೂರನೆಯದನ್ನು ನೋಡುವವರೇ ತುಂಬಿಸಿಕೊಳ್ಳುತ್ತಾರೆ. ಮುಖ, ಬೀಗದಕೈ, ಮತ್ತೆ ಅದೇ ಮುಖ. ಮುಖ ಸುಮ್ನೆ ಇದ್ದರೂ ಕೆಲಸ ಆಗುತ್ತದೆ.

ಕ್ಯಾಮೆರಾ

ಫೋನಿನಲ್ಲೇ ತೆಗೆಯಿರಿ, ತೊಂದರೆ ಇಲ್ಲ. ಆದರೆ ಎಲ್ಲ ಆಟೋ ಮೇಲೆ ಬಿಡಬೇಡಿ. ಫೋಕಸ್, ಎಕ್ಸ್‌ಪೋಶರ್ (ಚಿತ್ರಕ್ಕೆ ಎಷ್ಟು ಬೆಳಕು ಅನ್ನುವುದು), ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವ ಹಾಗೆ ಬಣ್ಣ ಹೊಂದಿಸುವುದು) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ ಬಣ್ಣವೂ ಬೆಳಕೂ ತಾನಾಗಿ ಬದಲಾಗಿ ಶಾಟ್ ಕೆಡುತ್ತದೆ. ಸೆಕೆಂಡಿಗೆ 24 ಫ್ರೇಮ್ ಇಡಿ, ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು, 1/48 ಅಥವಾ 1/50 ಸೆಕೆಂಡ್. ಚಲನೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಬಲ್ಬಿನ ಬೆಳಕು ಮಿನುಗಿದರೆ ಅಲ್ಲಿಯ ಕರೆಂಟಿಗೆ ಹೊಂದಿಸಿ: 50 ಹರ್ಟ್ಜ್ ಇರುವ ಕಡೆ 1/50, 60 ಹರ್ಟ್ಜ್ ಇರುವ ಕಡೆ 1/60.

ಮೂರು ಬಾಗಿಲ ಸೀನಿಗೂ ಕ್ಯಾಮೆರಾ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ಇರಲಿ. ಟ್ರೈಪಾಡ್ ಕಾಲಿನ ಕೆಳಗೆ ಟೇಪ್ ಅಂಟಿಸಿ ಗುರುತು ಮಾಡಿ. ಚೌಕಟ್ಟು ಬದಲಾಗದಿದ್ದಾಗಲೇ ಅವಳು ಬದಲಾಗಿದ್ದು ಕಾಣುತ್ತದೆ. ಬದಲಾಗಬೇಕಾದ್ದು ಬೆಳಕು ಮಾತ್ರ. ಮೊದಲನೆಯದು ಸಂಜೆಗತ್ತಲು, ಎರಡನೆಯದು ರಾತ್ರಿ ಬಲ್ಬಿನ ಹಳದಿ, ಮೂರನೆಯದು ಮಧ್ಯಾಹ್ನ. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್ನಿನಲ್ಲಿ: ಹಳದಿ ಬಲ್ಬಿನ ಬೆಳಕು ಸುಮಾರು 3000 ಕೆಲ್ವಿನ್, ಹಗಲು ಸುಮಾರು 5600. ವೈಟ್ ಬ್ಯಾಲೆನ್ಸನ್ನು 5600ಕ್ಕೆ ಲಾಕ್ ಮಾಡಿದ್ದರೆ ರಾತ್ರಿ ತಾನಾಗಿಯೇ ಹಳದಿಯಾಗುತ್ತದೆ.

ಹೆಬ್ಬೆರಳಿನ ಕ್ಲೋಸ್‌ಅಪ್ ಈ ಚಿತ್ರದ ಜೀವ. ಮೊದಲ ಎರಡು ಸಲ ಅದನ್ನು ಹತ್ತಿರದಿಂದ ತೋರಿಸಿ. ನೋಡುವವರ ಕಣ್ಣಿಗೆ ಎಲ್ಲಿ ನೋಡಬೇಕು ಅಂತ ಅಭ್ಯಾಸ ಆಗಲಿ. ಮೂರನೇ ಸಲ ಕ್ಲೋಸ್‌ಅಪ್ ಕೊಡಬೇಡಿ. ದೂರದಿಂದಲೇ ಇರಲಿ, ಆದರೆ ಕೈ ಕಾಣಬೇಕು. ಅವರು ತಾವಾಗಿಯೇ ಕೈಯನ್ನು ಹುಡುಕುತ್ತಾರೆ. ಹುಡುಕಿ ಕಂಡದ್ದು ಅವರದಾಗುತ್ತದೆ.

ಶಬ್ದ

ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ. ಶಬ್ದ ಕೆಟ್ಟರೆ ಎದ್ದು ಹೋಗುತ್ತಾರೆ. ಕ್ಯಾಮೆರಾ ಫೋನಿನ ಮೈಕ್ ನಂಬಬೇಡಿ. ಇನ್ನೊಂದು ಫೋನನ್ನು ನಟಿಯ ಹತ್ತಿರ, ಚೌಕಟ್ಟಿನ ಹೊರಗೆ ಇಟ್ಟು ರೆಕಾರ್ಡ್ ಮಾಡಿ. ಪ್ರತಿ ಟೇಕಿನ ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ, ಆಮೇಲೆ ಎರಡನ್ನೂ ಹೊಂದಿಸಲು ಬೇಕಾಗುತ್ತದೆ. ರೆಕಾರ್ಡಿಂಗ್ ಮೀಟರಿನಲ್ಲಿ ಮಾತಿನ ಮಟ್ಟ -12 ಡೆಸಿಬಲ್ ಆಸುಪಾಸಿನಲ್ಲಿರಲಿ. 0 ಮುಟ್ಟಿದರೆ ಒಡೆಯುತ್ತದೆ, ಆಮೇಲೆ ಸರಿ ಮಾಡಲು ಆಗುವುದಿಲ್ಲ.

ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಮೂವತ್ತು ಸೆಕೆಂಡ್ ಬರೀ ಕೋಣೆಯ ಮೌನ ರೆಕಾರ್ಡ್ ಮಾಡಿ. ಒಂದೊಂದು ಕೋಣೆಯ ಮೌನ ಒಂದೊಂದು ಥರ. ಎಡಿಟಿಂಗಿನಲ್ಲಿ ಶಾಟ್ ಶಾಟ್ ನಡುವಿನ ತೂತು ಮುಚ್ಚುವುದು ಇದೇ.

ಆ 'ಟಕ್' ಶಬ್ದವನ್ನು ಮಾತ್ರ ಬೇರೆಯಾಗಿ, ಮೈಕನ್ನು ಬೀಗಕ್ಕೆ ತೀರಾ ಹತ್ತಿರ ಹಿಡಿದು, ಹತ್ತಿಪ್ಪತ್ತು ಸಲ ರೆಕಾರ್ಡ್ ಮಾಡಿ. ನಿಜವಾದ ಹಿತ್ತಾಳೆಯೇ ಬೇಕು, ಸದ್ದು ದಪ್ಪಗಿರುತ್ತದೆ. ಮೊದಲ ಎರಡು ಬಾಗಿಲಲ್ಲಿ ಈ ಸದ್ದು ಕಿವಿಗೆ ಕೂತಿರಬೇಕು. ಮೂರನೆಯದರಲ್ಲಿ ಅದು ಬರುವುದಿಲ್ಲ. ಕಣ್ಣಿಗಿಂತ ಮೊದಲು ಕಿವಿಗೇ ಗೊತ್ತಾಗುತ್ತದೆ, ಏನೋ ಬಿಟ್ಟಿದೆ ಅಂತ.

ಕೊನೆಯಲ್ಲಿ ಸಂಗೀತ ಹಾಕುವ ಆಸೆ ಜಾಸ್ತಿ ಇರುತ್ತದೆ. ನಾನು ಬೇಡ ಅನ್ನುತ್ತೇನೆ. ಹಾಕಲೇಬೇಕು ಅಂದರೆ ಹಕ್ಕು ನೋಡಿಕೊಳ್ಳಿ. ರಾಗ ಎಷ್ಟೇ ಹಳೆಯದಿದ್ದರೂ, ಯಾರೋ ನುಡಿಸಿದ ರೆಕಾರ್ಡಿಂಗಿಗೆ ಬೇರೆ ಹಕ್ಕು ಇರಬಹುದು.

ಶೂಟಿಂಗ್ ದಿನ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಾಟ್ ಪಟ್ಟಿ ಕಾಗದದಲ್ಲಿರಲಿ. ಒಂದು ದಿನಕ್ಕೆ ಹದಿನೈದು ಇಪ್ಪತ್ತು ಶಾಟಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಕಷ್ಟದ ಶಾಟನ್ನು ಎಲ್ಲರೂ ಸುಸ್ತಾದ ಮೇಲೆ ತೆಗೆಯಬೇಡಿ. ಪ್ರತಿ ಟೇಕ್ ಮುಗಿದ ಮೇಲೂ "ಕಟ್" ಹೇಳದೆ ಐದು ಸೆಕೆಂಡ್ ಕಾಯಿರಿ. ನಟಿ ನಟನೆ ಮುಗಿಸಿ ತಾನಾಗುವ ಆ ಐದು ಸೆಕೆಂಡಿನಲ್ಲಿ ಸಿಗುವುದು ಸ್ಕ್ರಿಪ್ಟಿನಲ್ಲಿ ಸಿಗುವುದಿಲ್ಲ. ಸೀನ್ ನಟಿಯ ಸ್ವಂತ ನೋವನ್ನು ಕೆದಕಿದರೆ ಶೂಟಿಂಗ್ ನಿಲ್ಲಿಸಿ. ಅವರು ಸಾಕು ಅಂದರೆ ಸಾಕು. ಆ ದಿನವೇ ಎಲ್ಲ ಫೈಲುಗಳನ್ನು ಎರಡು ಕಡೆ ಕಾಪಿ ಮಾಡಿ, ಆಮೇಲೆ ಮಲಗಿ.

ಎಡಿಟಿಂಗ್

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಮೊದಲು ಎಲ್ಲ ಶಾಟನ್ನೂ ಸ್ಕ್ರಿಪ್ಟಿನ ಕ್ರಮದಲ್ಲೇ ಜೋಡಿಸಿ. ಉದ್ದ ಆಗುತ್ತದೆ, ಆಗಲಿ. ನಮ್ಮದು ಹನ್ನೊಂದು ನಿಮಿಷ ಇತ್ತು, ಕೊನೆಗೆ ಆರಕ್ಕೆ ಬಂತು.

ಮುಂದಿನ ಸೀನಿನ ಶಬ್ದವನ್ನು ಚಿತ್ರಕ್ಕಿಂತ ಒಂದು ಸೆಕೆಂಡ್ ಮೊದಲೇ ತನ್ನಿ. ಡ್ರಾಯರ್ ಮುಚ್ಚಿದ ಶಾಟ್ ಇನ್ನೂ ತೆರೆಯ ಮೇಲೆ ಇರುವಾಗಲೇ ರಾತ್ರಿಯ ಗಡಿಯಾರದ ಸದ್ದು ಕೇಳಲಿ. ಮನಸ್ಸು ಒಂದರಿಂದ ಇನ್ನೊಂದಕ್ಕೆ ಜಾರುವುದು ಹೀಗೇ.

ಮುಚ್ಚಿದ ಬಾಗಿಲಿನ ನಾಲ್ಕು ಸೆಕೆಂಡಿನ ಬಗ್ಗೆ ಒಂದು ಮಾತು. ಎಡಿಟ್ ಮಾಡುವಾಗ ಅದು ಉದ್ದ ಅನ್ನಿಸುತ್ತದೆ. ಎರಡಕ್ಕೆ ಇಳಿಸಲು ಕೈ ತುರಿಸುತ್ತದೆ. ಇಳಿಸಬೇಡಿ. ನೀವು ಅದನ್ನು ಇನ್ನೂರು ಸಲ ನೋಡಿದ್ದೀರಿ, ಅದಕ್ಕೇ ಉದ್ದ. ಮೊದಲ ಸಲ ನೋಡುವವರಿಗೆ ಆ ಹೊತ್ತು ಬೇಕು. ಮೊದಲ ಸೆಕೆಂಡಿನಲ್ಲಿ ಅವರು ಚಿತ್ರ ಮುಗಿಯಿತು ಅಂದುಕೊಳ್ಳುತ್ತಾರೆ, ಎರಡರಲ್ಲಿ ಏನೋ ತಪ್ಪಿದೆ ಅನ್ನಿಸುತ್ತದೆ, ಮೂರರಲ್ಲಿ 'ಟಕ್' ಬರಲಿಲ್ಲ ಅಂತ ಹೊಳೆಯುತ್ತದೆ. ನಾಲ್ಕನೆಯದರಲ್ಲಿ ಅವಳಿಗೂ ಹೊಳೆದು ಬಾಗಿಲು ತೆರೆಯುತ್ತದೆ.

ಚಂದದ ಶಾಟುಗಳನ್ನು ತೆಗೆಯುವುದು ಕಷ್ಟ. ನಮ್ಮ ಹತ್ತಿರ ಕಿಟಕಿಯ ಬೆಳಕಿನಲ್ಲಿ ಧೂಳು ತೇಲುವ ಒಂದು ಶಾಟ್ ಇತ್ತು. ಅದಕ್ಕಾಗಿ ಅರ್ಧ ದಿನ ಕಾದಿದ್ದೆವು. ಚಿತ್ರದಲ್ಲಿ ಅದಕ್ಕೆ ಕೆಲಸ ಇರಲಿಲ್ಲ. ಮೂರು ವಾರ ಇಟ್ಟುಕೊಂಡಿದ್ದೆ. ಇಂಥ ಶಾಟುಗಳನ್ನು ಅಳಿಸಬೇಡಿ, ಬೇರೆ ಫೋಲ್ಡರಿಗೆ ಹಾಕಿ ಒಂದು ವಾರ ಬಿಡಿ. ವಾರದ ನಂತರ ಅದಿಲ್ಲದೆ ಚಿತ್ರ ನೋಡಿ. ಕೊರತೆ ಕಾಣದಿದ್ದರೆ ಅಲ್ಲೇ ಇರಲಿ.

ತೋರಿಸುವುದು

ಚಿತ್ರೋತ್ಸವಕ್ಕೆ ಕಳಿಸುವ ಯೋಚನೆ ಇದ್ದರೆ ಉದ್ದವನ್ನು ಮೊದಲೇ ಗಮನದಲ್ಲಿಡಿ. ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಗೆ ಹೆಸರುಗಳ ಪಟ್ಟಿಯೂ ಸೇರಿ 15 ನಿಮಿಷ ಮೀರುವಂತಿಲ್ಲ. ಆಸ್ಕರ್ ನಿಯಮದಲ್ಲಿ ಕಿರುಚಿತ್ರ ಅಂದರೆ 40 ನಿಮಿಷದ ಒಳಗಿನದು. ಆದರೆ ಚಿಕ್ಕ ಚಿತ್ರಕ್ಕೆ ಎಲ್ಲ ಕಡೆಯೂ ಜಾಗ ಸುಲಭವಾಗಿ ಸಿಗುತ್ತದೆ. ಎಷ್ಟೋ ಉತ್ಸವಗಳು ಆಗಲೇ ಆನ್‌ಲೈನಿನಲ್ಲಿ ಹಾಕಿದ ಚಿತ್ರವನ್ನು ತಗೊಳ್ಳುವುದಿಲ್ಲ. ಅವರ ನಿಯಮ ಓದಿದ ಮೇಲೆ ಅಪ್‌ಲೋಡ್ ಮಾಡಿ.

ಅದಕ್ಕೂ ಮೊದಲು ಕಥೆ ಗೊತ್ತಿಲ್ಲದ ನಾಲ್ಕೈದು ಜನರನ್ನು ಕೂರಿಸಿ ತೋರಿಸಿ. ನೀವು ತೆರೆ ನೋಡಬೇಡಿ, ಅವರನ್ನು ನೋಡಿ. ಎಲ್ಲಿ ಕುರ್ಚಿಯಲ್ಲಿ ಹೊರಳಿದರು, ಎಲ್ಲಿ ಅಲುಗಾಡದೆ ಕೂತರು ಅಂತ ಬರೆದುಕೊಳ್ಳಿ. ಮುಗಿದ ಮೇಲೆ ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಒಂದೇ ಪ್ರಶ್ನೆ ಕೇಳಿ: "ಅವಳನ್ನು ಆ ಮನೆ ಯಾವಾಗ ಬಿಟ್ಟಿತು?" ಮೂರನೇ ಬಾಗಿಲಲ್ಲಿ ಅಂದರೆ ಚಿತ್ರ ಸರಿಯಾಗಿದೆ. ಡ್ರಾಯರಿನಲ್ಲಿ ಇಟ್ಟಾಗ ಅಂದರೆ ಆ ಸೀನ್ ತೀರಾ ಭಾರವಾಗಿದೆ, ಹಗುರ ಮಾಡಿ. ನಮ್ಮ ಚಿತ್ರ ನೋಡಿದವರಲ್ಲಿ ಒಬ್ಬರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಮ್ಮ ಬ್ಯಾಗಿನಿಂದ ಬೀಗದಕೈ ಗೊಂಚಲು ತೆಗೆದು, ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಾ ನೋಡತೊಡಗಿದರು. ನಾನು ಪ್ರಶ್ನೆ ಕೇಳಲಿಲ್ಲ.